ಮೂರು ಮನೆತನದ ಒಂದು ಶಾಫ್ಟು

ಗೇರ್‌ಬಾಕ್ಸ್ ಕೂರಿಸಿದ್ದಾಯ್ತು. ಬೆಲ್‌ಹೌಸಿಂಗಿನ ಬೋಲ್ಟುಗಳೆಲ್ಲ ಬಿಗಿಯಾದವು, ಹಿಂದಿನ ಮೌಂಟ್ ತನ್ನ ಜಾಗ ಹಿಡಿಯಿತು, ಎಣ್ಣೆಯನ್ನೂ ತುಂಬಿದೆವು. ಗೆಳೆಯ ಗಾಡಿಯ ಕೆಳಗಿನಿಂದ ಜಾರಿ ಹೊರಬಂದು ಕೈ ಒರೆಸಿಕೊಳ್ಳುತ್ತಾ, "ಆಯ್ತಲ್ಲೋ, ಇನ್ನೇನು ಶಾಫ್ಟ್ ಸಿಕ್ಕಿಸಿದ್ರೆ ಮುಗೀತು" ಅಂದ. ಶಾಫ್ಟ್ ಅಂದರೆ ಗೇರ್‌ಬಾಕ್ಸಿನ ತಿರುಗುವಿಕೆಯನ್ನು ಹಿಂದಿನ ಆಕ್ಸಲ್ಲಿಗೆ ಒಯ್ಯುವ ಉದ್ದನೆಯ ಕೊಳವೆ. ಆ "ಇನ್ನೇನು" ಮುಗಿಯುವುದಕ್ಕೆ ಆರು ವಾರ ಹಿಡಿಯಿತು. ಸರಿಯಾಗಿ ಹೇಳಬೇಕೆಂದರೆ ಇನ್ನೂ ಪೂರ್ತಿ ಮುಗಿದಿಲ್ಲ.

ಗಾಡಿ 1976ರ ಶೆವ್ರೊಲೆ ಸಿ10. ಅರ್ಧ ಟನ್ನಿನ ಪಿಕಪ್, ಹಿಂದಿನ ಬಾಡಿ ಚಿಕ್ಕದಿರುವ ಮಾದರಿ. ವೀಲ್‌ಬೇಸ್ 117.5 ಇಂಚು, ಅಂದರೆ ಮೂರು ಮೀಟರಿಗೆ ಒಂದೂವರೆ ಸೆಂಟಿಮೀಟರ್ ಕಮ್ಮಿ. ನನ್ನ ಹತ್ತಿರ ಬರುವ ಮೊದಲು ಅದು ಹಲವು ಕೈ ದಾಟಿತ್ತು, ಪ್ರತಿಯೊಬ್ಬರೂ ಅದರ ಮೇಲೆ ಒಂದಿಷ್ಟು ಬುದ್ಧಿ ಖರ್ಚು ಮಾಡಿದ್ದರು. ಅವರಲ್ಲಿ ಯಾರೋ ಹಿಂದಿನ ಆಕ್ಸಲ್ಲಿನ ಹೌಸಿಂಗನ್ನೇ ಬದಲಾಯಿಸಿ, 3.73 ರೇಶಿಯೋದ ಕ್ರೌನ್-ಪಿನಿಯನ್ ಗೇರುಗಳು ಇರುವುದನ್ನು ಹಾಕಿದ್ದರು. ಅಂದರೆ ಚಕ್ರ ಒಂದು ಸುತ್ತು ತಿರುಗಲು ಶಾಫ್ಟು 3.73 ಸುತ್ತು ತಿರುಗಬೇಕು. ಶಾಫ್ಟು ಬಂದು ಸೇರುವ ಚಿಕ್ಕ ಗೇರೇ ಪಿನಿಯನ್. ಎಳೆತ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆದರೆ ಗಾಡಿಯಲ್ಲಿದ್ದದ್ದು ಮೂರೇ ಗೇರಿನ ಹಳೇ ಟಿಎಚ್350 ಆಟೊಮ್ಯಾಟಿಕ್. ಅದರ ಕೊನೆಯ ಗೇರು ನೇರ ಒಂದಕ್ಕೊಂದು, ಎಂಜಿನ್ ಒಂದು ಸುತ್ತಿಗೆ ಶಾಫ್ಟು ಒಂದು ಸುತ್ತು. 28 ಇಂಚಿನ ಟೈರಿನ ಮೇಲೆ ಗಂಟೆಗೆ 110 ಕಿಲೋಮೀಟರ್ ಹೋದರೆ ಎಂಜಿನ್ ನಿಮಿಷಕ್ಕೆ ಸುಮಾರು 3,060 ಸುತ್ತು ಹೊಡೆಯುತ್ತಿತ್ತು. ಒಳಗೆ ಕೂತವರು ಮಾತಾಡಬೇಕೆಂದರೆ ಕೂಗಾಡಬೇಕು.

ಅದಕ್ಕೇ 700ಆರ್4. 1982ರ ಮಾಡೆಲ್ ವರ್ಷದಲ್ಲಿ ಬಂದ ನಾಲ್ಕು ಗೇರಿನ ಆಟೊಮ್ಯಾಟಿಕ್ ಅದು. ಮೊದಲ ಗೇರು ಹಳೆಯದರ 2.52ರ ಬದಲು 3.06, ಹಾಗಾಗಿ ಹೊರಡುವಾಗ ಇನ್ನೂ ಜೋರು. ನಾಲ್ಕನೆಯದು 0.70, ಅಂದರೆ ಶಾಫ್ಟಿಗಿಂತ ಎಂಜಿನ್ ನಿಧಾನ ತಿರುಗುವ ಓವರ್‌ಡ್ರೈವ್. ಅದೇ 110ರಲ್ಲಿ ಎಂಜಿನ್ 2,140ಕ್ಕೆ ಇಳಿಯುತ್ತದೆ. ಹಳೇ ಗಾಡಿ ಇಟ್ಟುಕೊಂಡವರು ಇದಕ್ಕೆ ಆಸೆ ಪಡುವುದರಲ್ಲಿ ತಪ್ಪೇನಿದೆ? ಕಾರ್ಬುರೇಟರಿನಿಂದ ಗೇರ್‌ಬಾಕ್ಸಿಗೆ ಹೋಗುವ ಥ್ರಾಟಲ್ ಕೇಬಲ್ ಹೊಂದಿಸುವುದು ಬೇರೆಯೇ ಪುರಾಣ. ಅದು ತಪ್ಪಿದರೆ ಗೇರ್‌ಬಾಕ್ಸ್ ಒಳಗಿನ ಪ್ಲೇಟುಗಳೇ ಸುಟ್ಟುಹೋಗುತ್ತವೆ. ಆ ಕಥೆ ಇನ್ನೊಂದು ದಿನಕ್ಕಿರಲಿ.

ಇಂಥ ಕೆಲಸಕ್ಕೆ ಇಳಿದಾಗ ಎಲ್ಲರ ತಲೆ ಗೇರ್‌ಬಾಕ್ಸ್ ಮೇಲೇ ಇರುತ್ತದೆ. ಅದು ಭಾರ, ಅದು ದುಬಾರಿ, ಅದನ್ನು ಎತ್ತುವುದಕ್ಕೆ ಜಾಕಿ ಬೇಕು, ಹಿಡಿಯುವುದಕ್ಕೆ ಇನ್ನೊಬ್ಬ ಮನುಷ್ಯ ಬೇಕು. ಹಿಂದಿನ ಹೌಸಿಂಗ್ ಬದಲಾಯಿಸಿದ ಪುಣ್ಯಾತ್ಮನ ತಲೆಯೂ ಹೌಸಿಂಗ್ ಮೇಲೇ ಇದ್ದಿರಬೇಕು. ನಡುವಿನ ಕೊಳವೆಯ ಬಗ್ಗೆ ಯಾರಿಗೂ ಚಿಂತೆ ಇಲ್ಲ. ಆದರೆ ಮುಂದಿನವನು ಮಾಡಿದ ತೀರ್ಮಾನ, ಹಿಂದಿನವನು ಮಾಡಿದ ತೀರ್ಮಾನ, ಎರಡಕ್ಕೂ ಲೆಕ್ಕ ಕೊಡಬೇಕಾದದ್ದು ಆ ಕೊಳವೆಯೇ. ನಾನು ಬದಲಾಯಿಸಿದ್ದು ಗೇರ್‌ಬಾಕ್ಸ್, ಆದರೆ ಕೆಲಸವೆಲ್ಲ ಬಿದ್ದದ್ದು ಶಾಫ್ಟಿನ ಮೇಲೆ.

ಮೊದಲನೆಯದು ಉದ್ದ. "700ಆರ್4 ಹಾಕಿದ್ರೆ ಶಾಫ್ಟ್ ಮುಟ್ಟೋದೇ ಬೇಡ" ಅಂತ ಗೆಳೆಯನಿಗೆ ಯಾರೋ ಹೇಳಿದ್ದರು. ಹೇಳಿದವರು ಸುಳ್ಳು ಹೇಳಿರಲಿಲ್ಲ. ಟಿಎಚ್350 ಗೇರ್‌ಬಾಕ್ಸಿಗೆ ಹಿಂದಿನ ಬಾಲದ ಭಾಗ ಬೇರೆ ಬೇರೆ ಉದ್ದದಲ್ಲಿ ಬರುತ್ತಿತ್ತು. 9 ಇಂಚಿನ ಬಾಲ ಇದ್ದರೆ ಅದು 700ಆರ್4ಗೆ ಹತ್ತಿರ ಹತ್ತಿರ ಸಮ. ನನ್ನದು 6 ಇಂಚಿನದು. ಆಗ ಹಳೆಯದರ ಒಟ್ಟು ಉದ್ದ ಸುಮಾರು 27 ಮುಕ್ಕಾಲು ಇಂಚು, ಹೊಸದರದ್ದು 30 ಮುಕ್ಕಾಲು. ಪೂರಾ ಮೂರು ಇಂಚು, 76 ಮಿಲಿಮೀಟರ್ ಜಾಸ್ತಿ. ಅವರ ಗಾಡಿಗೆ ನಿಜವಾದದ್ದು ನನ್ನ ಗಾಡಿಗೆ ಸುಳ್ಳಾಯಿತು, ಅಷ್ಟೆ.

ನಮ್ಮನ್ನು ಇನ್ನಷ್ಟು ಯಾಮಾರಿಸಿದ್ದು ಹಲ್ಲುಗಳು. ಗೇರ್‌ಬಾಕ್ಸಿನ ಹೊರ ಶಾಫ್ಟಿನ ಮೇಲೆ ಒಂದು ಸ್ಲಿಪ್ ಯೋಕ್, ಅಂದರೆ ನಮ್ಮ ಶಾಫ್ಟಿನ ಮುಂದಿನ ತುದಿಯ ಎರಡು ಕಿವಿಯ ಕವೆ, ಜಾರಿಕೊಂಡು ಕೂರುತ್ತದೆ. ಒಳಗೆ ಸ್ಪ್ಲೈನ್ ಹಲ್ಲು, ಹೊರಗೆ ಕನ್ನಡಿಯ ಹಾಗೆ ನುಣುಪು, ಯಾಕೆಂದರೆ ಆಯಿಲ್ ಸೀಲು ಅದರ ಮೇಲೇ ಓಡಬೇಕು. ಟಿಎಚ್350ಕ್ಕೂ 27 ಹಲ್ಲು, 700ಆರ್4ಗೂ 27 ಹಲ್ಲು. ಅದೇ ಭಾರೀ ಟಿಎಚ್400 ಆಗಿದ್ದರೆ 32. ಹಲ್ಲಿಗೆ ಹಲ್ಲು ಕೂತಿತು, ಯೋಕ್ ಬೆಣ್ಣೆಯ ಹಾಗೆ ಒಳಗೆ ಜಾರಿತು. "ನೋಡ್ದಾ, ಹೇಳ್ಲಿಲ್ವಾ" ಅಂತ ಗೆಳೆಯ ಹುಬ್ಬು ಹಾರಿಸಿದ. ಹಿಂದಿನ ತುದಿಯನ್ನು ಪಿನಿಯನ್ನಿಗೆ ಸೇರಿಸಲು ಹೋದರೆ ಶಾಫ್ಟು ಉದ್ದ, ಜಾಗ ಗಿಡ್ಡ. ಒತ್ತಿ, ಎತ್ತಿ, ಬೈದು ಸೇರಿಸಿದೆವು. ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿದಾಗ ಒಳಗಿನಿಂದ 'ಟಕ್' ಅಂತ ಸದ್ದು. ಸ್ಲಿಪ್ ಯೋಕ್ ಇನ್ನೂ ಒಳಗೆ ನುಗ್ಗಿ ತಳ ಮುಟ್ಟಿತ್ತು.

ಸ್ಲಿಪ್ ಯೋಕಿಗೆ ಆ ಹೆಸರು ಸುಮ್ನೆ ಬಂದಿಲ್ಲ. ಹಿಂದಿನ ಚಕ್ರ ಹಳ್ಳಕ್ಕೆ ಬಿದ್ದು ಏಳುವಾಗಲೆಲ್ಲ ಗೇರ್‌ಬಾಕ್ಸಿಗೂ ಪಿನಿಯನ್ನಿಗೂ ನಡುವಿನ ದೂರ ಕೂಡುತ್ತದೆ, ಕಳೆಯುತ್ತದೆ. ಆ ವ್ಯತ್ಯಾಸವನ್ನು ನುಂಗಿಕೊಳ್ಳುವುದು ಅದರ ಕೆಲಸ. ಗಾಡಿ ನೆಲದ ಮೇಲೆ ತನ್ನ ಭಾರದಲ್ಲಿ ನಿಂತಿರುವಾಗ ಯೋಕ್ ಪೂರ್ತಿ ಒಳಗಿರಬಾರದು, 20ರಿಂದ 25 ಮಿಲಿಮೀಟರ್ ಹೊರಗಿರಬೇಕು. ತಳ ಮುಟ್ಟಿಕೊಂಡೇ ಓಡಿಸಿದರೆ ಒಂದೊಂದು ಹಳ್ಳವೂ ಸುತ್ತಿಗೆಯ ಏಟಾಗಿ ಗೇರ್‌ಬಾಕ್ಸಿನ ಹೊರ ಶಾಫ್ಟಿಗೆ ಹೋಗಿ ಬಡಿಯುತ್ತದೆ. ಹೊಸದಾಗಿ ಹಾಕಿದ ಗೇರ್‌ಬಾಕ್ಸನ್ನು ಒಂದು ಕಿಲೋಮೀಟರಿನಲ್ಲಿ ಹಾಳು ಮಾಡಬಹುದು.

ಎಷ್ಟು ಕತ್ತರಿಸಬೇಕು ಅಂತ ಅಳತೆ ತೆಗೆದೆ. ಅದರಲ್ಲೂ ತಪ್ಪಿದೆ. ಗಾಡಿ ಮತ್ತೆ ಸ್ಟ್ಯಾಂಡಿನ ಮೇಲಿತ್ತು, ಹಿಂದಿನ ಆಕ್ಸಲ್ ಜೋತುಬಿದ್ದಿತ್ತು, ನಾನು ಹಾಗೇ ಟೇಪ್ ಹಿಡಿದೆ. ಚಕ್ರ ನೆಲಕ್ಕೂರಿದ ಮೇಲೆ ಅಳೆದರೆ 14 ಮಿಲಿಮೀಟರ್ ವ್ಯತ್ಯಾಸ. ಶಾಫ್ಟಿನ ಅಳತೆಯನ್ನು ಗಾಡಿ ನಿಲ್ಲುವ ಹಾಗೆ ನಿಂತಾಗಲೇ ತೆಗೆಯಬೇಕು. ಕೆಳಗೆ ನುಸುಳುವುದಕ್ಕೆ ಜಾಗ ಸಾಲುವುದಿಲ್ಲ, ಕತ್ತು ನೋಯುತ್ತದೆ. ನೋಯಲಿ.

ಈಗ ಮನೆತನದ ವಿಷಯ.

ಶಾಫ್ಟಿನ ಎರಡೂ ತುದಿಯಲ್ಲಿ ಬಾಗಿಕೊಂಡೇ ತಿರುಗುವ ಕೀಲು ಇದೆ, ಅದೇ ಯೂನಿವರ್ಸಲ್ ಜಾಯಿಂಟ್. ಅದರ ಒಳಗಿನ ಕ್ರಾಸ್ ನೋಡುವುದಕ್ಕೆ ಕೂಡುವ ಲೆಕ್ಕದ ಗುರುತಿನ ಹಾಗಿರುತ್ತದೆ. ನಾಲ್ಕು ತೋಳು, ತೋಳಿಗೊಂದು ಕಪ್, ಕಪ್ಪಿನ ಒಳಗೆ ಸುತ್ತಲೂ ಸೂಜಿ ರೋಲರುಗಳು. ಒಂದು ಜೊತೆ ತೋಳು ಒಂದು ಯೋಕಿಗೆ, ಇನ್ನೊಂದು ಜೊತೆ ಇನ್ನೊಂದು ಯೋಕಿಗೆ. ಕಲ್ಪನೆ ಬಹಳ ಹಳೆಯದು. 16ನೇ ಶತಮಾನದ ಇಟಲಿಯ ಕಾರ್ಡಾನೊ ಹೆಸರು ಇದಕ್ಕೆ ಅಂಟಿಕೊಂಡಿದೆ, 17ನೇ ಶತಮಾನದಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಇದರ ಬಗ್ಗೆ ಬರೆದ. ಮೋಟಾರು ಗಾಡಿಗೆ ಹೊಂದುವ ಹಾಗೆ ಮಾಡಿ ಕೊಟ್ಟವನು ಅಮೆರಿಕದ ಕ್ಲಾರೆನ್ಸ್ ಸ್ಪೈಸರ್. ಅವನಿಗೆ ಪೇಟೆಂಟ್ ಸಿಕ್ಕಿದ್ದು 1903ರಲ್ಲಿ, ತಯಾರಿಕೆ ಶುರುವಾಗಿದ್ದು 1904ರಲ್ಲಿ. ಆಗಿನ ಎಷ್ಟೋ ಕಾರುಗಳ ಹಿಂಚಕ್ರ ಸೈಕಲ್ಲಿನ ಹಾಗೆ ಚೈನಿನಿಂದ ತಿರುಗುತ್ತಿತ್ತು. ಇವತ್ತಿಗೂ ಕ್ರಾಸ್ ಕೊಳ್ಳಲು ಹೋದರೆ 1310, 1330, 1350 ಅಂತ ಸ್ಪೈಸರ್ ಅಳತೆಯ ಸಂಖ್ಯೆಗಳಲ್ಲೇ ಮಾತು. ಒಂದೊಂದು ಸಂಖ್ಯೆ ಒಂದೊಂದು ಮನೆತನ.

ನನ್ನ ಶಾಫ್ಟಿನ ಕೊಳವೆಗೆ ಬೆಸೆದಿದ್ದ ಯೋಕುಗಳು 1310ರವು. ಗೇರ್‌ಬಾಕ್ಸಿನ ಹಳೇ ಸ್ಲಿಪ್ ಯೋಕ್ ಮೇಲೆ ಸೀಲು ಓಡಿ ಓಡಿ ಉಗುರಿಗೆ ಸಿಗುವಷ್ಟು ಗೆರೆ ಬಿದ್ದಿತ್ತು. ಹೊಸ ಸೀಲಿಗೆ ಅದನ್ನು ಹಾಕಿದರೆ ಎಣ್ಣೆ ಸೋರುವುದು ಖಂಡಿತ. ಹಾಗಾಗಿ 700ಆರ್4 ಜೊತೆ ಬಂದಿದ್ದ ಸ್ಲಿಪ್ ಯೋಕನ್ನೇ ಬಳಸುವುದು ಅಂದುಕೊಂಡೆ. ಅದು ಜನರಲ್ ಮೋಟರ್ಸಿನವರ 3ಆರ್ ಅಳತೆಯದು. ಹಿಂದಿನ ಹೌಸಿಂಗಿನ ಪಿನಿಯನ್ ಯೋಕ್ ಇವೆರಡಕ್ಕೂ ಸೇರದ ಮೂರನೆಯದು. ಒಂದೂವರೆ ಮೀಟರಿನ ಒಳಗೆ ಮೂರು ಮನೆತನ.

ಪಿನಿಯನ್ ಯೋಕ್ ಯಾವುದು ಅಂತ ಗುರುತು ಹಿಡಿಯುವುದರಲ್ಲಿ ನಾನು ಮೋಸ ಹೋದದ್ದನ್ನು ಹೇಳಲೇಬೇಕು. ಕ್ಯಾಲಿಪರ್ ತಗೊಂಡು ಕಪ್ ಕೂರುವ ಜಾಗ ಅಳೆದೆ. 27 ಮಿಲಿಮೀಟರ್, ಅಂದರೆ ಒಂದು ಇಂಚು ಮತ್ತು ಹದಿನಾರನೇ ಒಂದು ಭಾಗ. 1310ರ ಕಪ್ಪೂ ಅಷ್ಟೇ. ಸರಿ, ಇದೂ 1310 ಅಂತ ಕ್ರಾಸ್ ತಂದೆ. ಕೂರಿಸಿದರೆ ಎರಡೂ ಕಡೆ ಸೇರಿ ಸುಮಾರು ಒಂದು ಸೆಂಟಿಮೀಟರ್ ಖಾಲಿ. ಬೆಳ್ಳಗಿರೋದೆಲ್ಲ ಹಾಲು ಅಂದುಕೊಂಡಿದ್ದೆ. 1310 ಮತ್ತು 1330, ಎರಡರ ಕಪ್ ದಪ್ಪ ಒಂದೇ. ಬೇರೆಯಾಗುವುದು ತುದಿಯಿಂದ ತುದಿಗೆ: 1310ರದ್ದು 82 ಮಿಲಿಮೀಟರಿಗೆ ತುಸು ಕಮ್ಮಿ, 1330ರದ್ದು 92. ನನ್ನ ಪಿನಿಯನ್ ಯೋಕ್ 1330ರದು. ಅಗಲವನ್ನೂ ಅಳೆಯದೆ ಕ್ರಾಸ್ ಕೊಳ್ಳಬಾರದು. 3ಆರ್ ಕಪ್ ಇನ್ನೊಂದು ಥರ. ಒಂದೂಕಾಲಿಗೆ ಎಂಟನೇ ಒಂದು ಭಾಗ ಕಮ್ಮಿ, 28.6 ಮಿಲಿಮೀಟರ್. ಕಪ್ ಜಾರದಂತೆ ಹಿಡಿಯುವ ಲಾಕು ಕೂರುವ ಜಾಗವೂ ಬೇರೆ. 1310, 1330ರಲ್ಲಿ ಲಾಕು ಯೋಕಿನ ಕಿವಿಯ ಹೊರಗಡೆ ಕಾಣುತ್ತದೆ. 3ಆರ್‌ನಲ್ಲಿ ಕಿವಿಯ ಒಳಗಡೆ, ಕಪ್ಪಿನ ಮೇಲೆ ಕೊರೆದ ಕಚ್ಚಿನಲ್ಲಿ ಕೂರುತ್ತದೆ. ಕಣ್ಣಿಗೆ ಲಾಕು ಕಾಣಲಿಲ್ಲ ಅಂದರೆ ಇಲ್ಲ ಅಂತ ಅರ್ಥವಲ್ಲ.

ಕಾರ್ಖಾನೆಯಿಂದ ಬಂದ ಹಾಗೇ ಇದ್ದರೆ ಅಲ್ಲಿ ಲಾಕೇ ಇರುವುದಿಲ್ಲ, ಅದಿನ್ನೊಂದು ತಮಾಷೆ. ಜನರಲ್ ಮೋಟರ್ಸಿನವರು ಕಪ್ ಕೂರಿಸಿ, ಕಿವಿಯಲ್ಲಿರುವ ಸಣ್ಣ ತೂತಿನಿಂದ ಕರಗಿದ ನೈಲಾನ್ ತುಂಬಿಬಿಡುತ್ತಿದ್ದರು. ಅದು ಗಟ್ಟಿಯಾಗಿ ತಾನೇ ಲಾಕಾಗುತ್ತದೆ. ನನ್ನ ಸ್ಲಿಪ್ ಯೋಕ್ ಹಳೇ ಶಾಫ್ಟಿನ ತುಂಡಿನ ಸಮೇತ ಬಂದಿತ್ತು, ಅದರಲ್ಲಿ ಆ ನೈಲಾನ್ ಇನ್ನೂ ಇತ್ತು. ವೈಸಿನಲ್ಲಿ ಒತ್ತಿದೆ, ಜಗ್ಗಲಿಲ್ಲ. ಗ್ಯಾಸ್ ಟಾರ್ಚಿನಿಂದ ಕಿವಿಯನ್ನು ಕಾಯಿಸಿದೆ. ಒಂದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಆ ತೂತಿನಿಂದ ಬಿಳೀ ಹುಳ ತಲೆ ಹಾಕಿದ ಹಾಗೆ ನೈಲಾನ್ ಮೆಲ್ಲಗೆ ಹೊರಬಂತು, ಸುರುಳಿ ಸುತ್ತಿತು, ಹೊಗೆಯಾಡಿತು. ಅಸಹ್ಯ ವಾಸನೆ. ಕಪ್ ಮಾತ್ರ ಎರಡೇ ಏಟಿಗೆ ಹೊರಗೆ ಬಿತ್ತು.

ಬೇರೆ ಬೇರೆ ಅಳತೆಯನ್ನು ಜೋಡಿಸುವ ಕ್ರಾಸುಗಳು ಸಿಗುತ್ತವೆ. ಒಂದು ಜೊತೆ ತೋಳು 3ಆರ್, ಇನ್ನೊಂದು ಜೊತೆ 1310. ಹಾಗೇ 1310ಕ್ಕೆ 1330. ಅಂಥವು ಎರಡು ಹುಡುಕಿ ತರಿಸಿದೆ. ಸಿಕ್ಕಾಗ ಆದ ಖುಷಿ ಹೇಳತೀರದು. ಮೂರು ಮನೆತನಕ್ಕೂ ನಾನೇ ಸಂಬಂಧ ಕುದುರಿಸಿದ ಹಾಗೆ ಬೀಗಿದೆ.

ಕೂರಿಸುವಾಗ ಮುಂದಿನ ಕ್ರಾಸಿನ ಒಂದು ಕಪ್ ಹಟ ಹಿಡಿಯಿತು. ಮೂರು ಕಪ್ ಸಲೀಸಾಗಿ ಕೂತವು. ನಾಲ್ಕನೆಯದು ಲಾಕಿನ ಕಚ್ಚಿಗೆ ಎರಡು ಮಿಲಿಮೀಟರ್ ಇರುವಾಗ ನಿಂತಿತು. ವೈಸ್ ಬಿಗಿ ಮಾಡಿದೆ. ಇನ್ನೊಂದು ಸುತ್ತು. ಹಿಡಿಕೆ ಬಾಗುವಷ್ಟು. ಒಳಗೆ ಏನೋ 'ಚಿಟ್' ಅಂದಿತು, ಕಪ್ ಅಲ್ಲಾಡಲಿಲ್ಲ. ಆಗ ನಿಲ್ಲಿಸಬೇಕಿತ್ತು. ನಾನು ಸುತ್ತಿಗೆ ತಗೊಂಡೆ. ಕೊನೆಗೆ ಬಿಚ್ಚಿ ನೋಡಿದರೆ, ಕಪ್ಪಿನ ತಳದಲ್ಲಿ ಒಂದು ಸೂಜಿ ಅಡ್ಡ ಮಲಗಿತ್ತು. ಗೋಡೆಗೆ ಒರಗಿ ನಿಲ್ಲಬೇಕಾದದ್ದು ಯಾವಾಗಲೋ ಜಾರಿ ಬಿದ್ದಿದೆ. ನಾನು ಒತ್ತಿದ ಒತ್ತಡಕ್ಕೆ ಎರಡು ತುಂಡು. ತಳದಲ್ಲಿ ಅದರ ಅಚ್ಚು, ಗೀರಿದ ಹಾಗೆ ಸ್ಪಷ್ಟ. ಬೆಂಕಿಕಡ್ಡಿಗಿಂತ ಸಣ್ಣ ಒಂದು ಉಕ್ಕಿನ ತುಂಡಿಗೆ ಇಡೀ ಕ್ರಾಸ್ ಹೋಯಿತು.

ಈಗ ಹೊಸ ಕ್ರಾಸ್ ಕೈಗೆ ಬಂದರೆ ಮೊದಲು ನಾಲ್ಕೂ ಕಪ್ಪಿಗೆ ದಪ್ಪಗೆ ಗ್ರೀಸ್ ಮೆತ್ತುತ್ತೇನೆ. ಆ ಗ್ರೀಸು ಸೂಜಿಗಳನ್ನು ಗೋಡೆಗೆ ಅಂಟಿಸಿ ಹಿಡಿಯುತ್ತದೆ. ಒತ್ತುವಾಗ ಕ್ರಾಸನ್ನು ಆ ಕಪ್ಪಿನ ಕಡೆಗೇ ತಳ್ಳಿ ಇಟ್ಟುಕೊಳ್ಳುತ್ತೇನೆ, ತೋಳು ಒಳಗಿದ್ದರೆ ಸೂಜಿ ಬೀಳಲು ಜಾಗವೇ ಇರುವುದಿಲ್ಲ. ಲಾಕು ಬಿದ್ದ ಮೇಲೆ ಯೋಕಿನ ಕಿವಿಗೆ ಹೊರಗಿನಿಂದ ಒಂದೊಂದು ಲಘು ಏಟು. ಬಿಗಿದುಕೊಂಡಿದ್ದ ಕ್ರಾಸ್ ಆಗ ಸಡಿಲವಾಗಿ, ಬೆರಳಿನಿಂದ ತಳ್ಳಿದರೆ ನಯವಾಗಿ ಆಡುತ್ತದೆ. ಆ ಏಟಿನ ಗುಟ್ಟು ಗೊತ್ತಿಲ್ಲದಿದ್ದಾಗ ಎಷ್ಟು ಒಳ್ಳೇ ಕ್ರಾಸುಗಳಿಗೆ ಬಿಗಿ ಅಂತ ಬೈದಿದ್ದೇನೋ.

ಕೊಳವೆಯನ್ನು ಕತ್ತರಿಸಿ ಬೆಸೆದದ್ದೂ ನಾನೇ. ಇದನ್ನು ಬರೆಯಲು ಸ್ವಲ್ಪ ನಾಚಿಕೆ. ಗ್ರೈಂಡರಿನಿಂದ ಕೊಯ್ದೆ, ಎಲ್ ಆಂಗಲ್ಲಿನ ಒಳಗೆ ಮಲಗಿಸಿ ನೇರ ಮಾಡಿಕೊಂಡೆ, ನಾಲ್ಕು ಕಡೆ ಚುಕ್ಕೆ ಹಾಕಿ ಆಮೇಲೆ ಸುತ್ತ ಬೆಸೆದೆ. ನೋಡುವುದಕ್ಕೆ ಚೆನ್ನಾಗಿತ್ತು. ಬಣ್ಣ ಬಳಿದ ಮೇಲೆ ಇನ್ನೂ ಚೆನ್ನಾಗಿತ್ತು. ಕೊಯ್ಯುವ ಮೊದಲು ಎರಡೂ ತುದಿಯ ಯೋಕುಗಳು ಒಂದೇ ಸಾಲಿನಲ್ಲಿವೆ ಅಂತ ತೋರಿಸಲು ಉದ್ದಕ್ಕೆ ಸೀಮೆಸುಣ್ಣದ ಗೆರೆ ಎಳೆದಿದ್ದೆ. ಬೆಸೆಯುವುದಕ್ಕೆ ಜಾಗ ಶುಚಿ ಮಾಡುವಾಗ ಅದೇ ಗೆರೆಯನ್ನು ಉಜ್ಜಿ ಅಳಿಸಿಬಿಟ್ಟೆ. ಆಮೇಲೆ ಕಣ್ಣಂದಾಜು.

ರಸ್ತೆಗೆ ಇಳಿಸಿದೆವು. 50ರವರೆಗೆ ಹೂವೆತ್ತಿದ ಹಾಗೆ ಹೋಯಿತು. 70ರಲ್ಲಿ ಒಳಗನ್ನಡಿಯಲ್ಲಿ ಹಿಂದಿನ ಗಾಡಿ ಎರಡಾಯಿತು. ಸೀಟಿನಿಂದ ಬೆನ್ನಿಗೆ ನಡುಕ. ನ್ಯೂಟ್ರಲ್‌ಗೆ ಹಾಕಿ ಎಂಜಿನ್ ವೇಗ ಇಳಿಸಿದೆ, ನಡುಕ ಹಾಗೇ ಇತ್ತು. ಅಂದರೆ ಎಂಜಿನ್ನಿನದಲ್ಲ. ಗೆಳೆಯ ಫೋನಿನಲ್ಲಿ ನಡುಕದ ಲೆಕ್ಕ ಹಿಡಿಯುವ ಆ್ಯಪ್ ತೆರೆದು ಸೀಟಿನ ಮೇಲಿಟ್ಟ. ಈ ಲೆಕ್ಕ ಚೆನ್ನಾಗಿದೆ, ಸ್ವಲ್ಪ ಕೇಳಿ. 70ರಲ್ಲಿ ನನ್ನ ಟೈರು ಸೆಕೆಂಡಿಗೆ ಸುಮಾರು 8.7 ಸುತ್ತು ತಿರುಗುತ್ತದೆ. ಶಾಫ್ಟು ಅದರ 3.73 ಪಟ್ಟು, ಅಂದರೆ 32. ಟೈರಿನ ತೊಂದರೆಯಾದರೆ ನಡುಕ 9ರ ಆಸುಪಾಸು ಕಾಣಬೇಕು. ಶಾಫ್ಟಿನ ತೂಕ ಸುತ್ತಲೂ ಸಮನಾಗಿರದಿದ್ದರೆ, ಸುತ್ತಿಗೊಮ್ಮೆ, 32ರಲ್ಲಿ. ಕ್ರಾಸುಗಳ ಕೋನದ್ದೋ ಸಾಲಿನದ್ದೋ ತಪ್ಪಾದರೆ ಸುತ್ತಿಗೆರಡು ಸಲ, 65ರಲ್ಲಿ. ಫೋನಿನಲ್ಲಿ 32ರಲ್ಲೂ ಗೋಪುರ, 65ರಲ್ಲೂ ಗೋಪುರ. ನಾನು ಎರಡು ತಪ್ಪನ್ನೂ ಮಾಡಿದ್ದೆ.

ಸುತ್ತಿಗೆರಡು ಯಾಕೆ ಅನ್ನುವುದು ನನಗೆ ಬಹಳ ದಿನ ತಲೆಗೆ ಹತ್ತಿರಲಿಲ್ಲ. ಕ್ರಾಸ್ ಮೂಲಕ ತಿರುಗುವಿಕೆ ಒಂದು ಕೋನದಲ್ಲಿ ಬಾಗಿ ಹೋದಾಗ ಆ ಕಡೆಯ ಶಾಫ್ಟು ಸಮನಾಗಿ ತಿರುಗುವುದಿಲ್ಲ. ಸುತ್ತಿನಲ್ಲಿ ಎರಡು ಸಲ ಓಡುತ್ತದೆ, ಎರಡು ಸಲ ಹಿಂದೆ ಬೀಳುತ್ತದೆ. ಕೋನ 3 ಡಿಗ್ರಿ ಇದ್ದರೆ ಏರಿಳಿತ ನೂರಕ್ಕೆ 0.14ರಷ್ಟು. 10 ಡಿಗ್ರಿ ಆದರೆ ನೂರಕ್ಕೆ ಒಂದೂವರೆ. ಕೇಳುವುದಕ್ಕೆ ಕಮ್ಮಿ, ಆದರೆ ಒಂದು ಭಾರವಾದ ಕೊಳವೆ ಸೆಕೆಂಡಿಗೆ 65 ಸಲ ಹೀಗೆ ಓಡಿ ನಿಂತು ಮಾಡಿದರೆ ಗಾಡಿಗೆ ಗೊತ್ತಾಗದೆ ಇರುತ್ತಾ? ಇದಕ್ಕೆ ಮದ್ದು ಎರಡನೇ ಕ್ರಾಸು. ಹಿಂದಿನ ಕ್ರಾಸ್ ಅಷ್ಟೇ ಕೋನದಲ್ಲಿದ್ದು, ಕೊಳವೆಯ ಎರಡೂ ತುದಿಯ ಯೋಕುಗಳು ಒಂದೇ ಸಾಲಿನಲ್ಲಿದ್ದರೆ, ಮುಂದಿನದು ಓಡಿಸಿದ್ದನ್ನು ಹಿಂದಿನದು ಹಿಡಿದು ನಿಲ್ಲಿಸುತ್ತದೆ. ಪಿನಿಯನ್ ಸಮನಾಗಿ ತಿರುಗುತ್ತದೆ. ಸಾಲು ತಪ್ಪಿದರೆ ಎತ್ತು ಏರಿಗೆ, ಕೋಣ ನೀರಿಗೆ.

ಸೋತು ಶಾಫ್ಟನ್ನು ಹೆಗಲ ಮೇಲೆ ಹಾಕಿಕೊಂಡು, ಇದನ್ನೇ ಕಸುಬು ಮಾಡಿಕೊಂಡ ಒಬ್ಬ ಹಿರಿಯ ಲೇತ್ ಕೆಲಸದವರ ಹತ್ತಿರ ಹೋದೆ. ಅವರು ಏನೂ ಮಾತಾಡದೆ ಅದನ್ನು ಲೇತಿಗೆ ಹಾಕಿ ಡಯಲ್ ಗೇಜ್ ಇಟ್ಟರು. ಕೈಯಲ್ಲಿ ಮೆಲ್ಲಗೆ ಒಂದು ಸುತ್ತು ತಿರುಗಿಸಿದರು. ಮುಳ್ಳು ಹೋಯಿತು, ಬಂತು. ಕೊಳವೆಯ ನಡುವೆ ಹೆಚ್ಚೂಕಮ್ಮಿ ಎರಡು ಮಿಲಿಮೀಟರ್ ಓಲಾಟ. ಕಾಲು ಮಿಲಿಮೀಟರ್ ಬಂದರೇ ಅವರಿಗೆ ಜಾಸ್ತಿ. ಆಮೇಲೆ ಎರಡೂ ಯೋಕಿನ ಮೇಲೆ ಮಟ್ಟ ಇಟ್ಟು ನೋಡಿದರು. ಆರು ಡಿಗ್ರಿ ತಿರುಚು.

"ಬೆಸುಗೆ ಗಟ್ಟಿ ಇದೆ" ಅಂದರು. ಹೊಗಳಿಕೆಯೋ ವ್ಯಂಗ್ಯವೋ ತಿಳಿಯಲಿಲ್ಲ.

ಆಮೇಲೆ ಮೇಜಿನ ಮೇಲಿದ್ದ ನನ್ನ ಎರಡು ಜೋಡಣೆ ಕ್ರಾಸುಗಳನ್ನು ನೋಡಿದರು. "ಇವನ್ನ ಎಲ್ಲಿಂದ ಹುಡುಕಿ ತಂದ್ರಿ?"

ಹುಡುಕಾಟದ ಕಥೆಯನ್ನೆಲ್ಲ ಹೆಮ್ಮೆಯಿಂದ ಹೇಳಿದೆ.

"ಕೊಳವೆ ಹೇಗೂ ಹೊಸದು ಹಾಕ್ಬೇಕು. ಅದಕ್ಕೆ ಬೆಸೆಯೋ ಯೋಕು ಮುಂದೆ 3ಆರ್, ಹಿಂದೆ 1330 ಹಾಕಿದ್ರೆ ಮುಗೀತಲ್ಲ. ಎರಡೂ ಕಡೆ ಸಾದಾ ಕ್ರಾಸು. ರಸ್ತೆ ಮಧ್ಯೆ ಹೋದ್ರೆ ಎಲ್ಲಾದ್ರೂ ಸಿಗತ್ತೆ. ನೀವ್ಯಾಕೆ ಸ್ವಾಮಿ ಹಳೇ 1310ನ ಇಷ್ಟು ಮುದ್ದು ಮಾಡ್ತಾ ಇದ್ದೀರಿ?"

ನನ್ನ ಬಾಯಿ ಕಟ್ಟಿತು. ಗೇರ್‌ಬಾಕ್ಸ್ ಬದಲಾಯಿಸಬಹುದು, ಹೌಸಿಂಗ್ ಬದಲಾಯಿಸಬಹುದು ಅಂತ ಹೊಳೆದ ತಲೆಗೆ ಕೊಳವೆಯ ತುದಿಯ ಯೋಕನ್ನು ಬದಲಾಯಿಸಬಹುದು ಅಂತ ಹೊಳೆದಿರಲೇ ಇಲ್ಲ. ಗಾಡಿಯಲ್ಲಿ ಆ ಶಾಫ್ಟು ಮೊದಲಿನಿಂದ ಇತ್ತು, ಹಾಗಾಗಿ ಅದು ಗಾಡಿಯದೇ ಅಂತ ಅಂದುಕೊಂಡಿದ್ದೆ. ನಿಜಕ್ಕೂ ಅದೂ ಯಾರೋ ನಡುವೆ ತಂದು ಸೇರಿಸಿದ್ದು. ಹೊರಗಿನವನನ್ನು ಮನೆಯವನು ಅಂತ ತಿಳಿದು, ಮನೆಯವರನ್ನೆಲ್ಲ ಅವನಿಗೆ ಹೊಂದಿಸಲು ಹೊರಟಿದ್ದೆ.

ಹೊಸ ಕೊಳವೆಯ ದಪ್ಪ ಕೇಳಿದಾಗ ಅವರು ಇನ್ನೊಂದು ಲೆಕ್ಕ ತೆಗೆದರು. ಉದ್ದವಾದ ಕೊಳವೆ ಜೋರಾಗಿ ತಿರುಗಿದರೆ ಒಂದು ವೇಗದಲ್ಲಿ ಹಗ್ಗದಾಟದ ಹಗ್ಗದ ಹಾಗೆ ನಡುವೆ ಉಬ್ಬಲು ಶುರುಮಾಡುತ್ತದೆ. ಎಷ್ಟು ಚೆನ್ನಾಗಿ ತೂಗಿಸಿದ್ದರೂ ಅಷ್ಟೇ. ಆ ವೇಗ ಉದ್ದದ ವರ್ಗಕ್ಕೆ ತಕ್ಕಂತೆ ಕೆಳಗಿಳಿಯುತ್ತದೆ. 3 ಇಂಚು ದಪ್ಪ, 0.083 ಇಂಚು ಗೋಡೆಯ ಉಕ್ಕಿನ ಕೊಳವೆ 60 ಇಂಚು ಉದ್ದ ಇದ್ದರೆ ಆ ವೇಗ ನಿಮಿಷಕ್ಕೆ ಸುಮಾರು 5,400 ಸುತ್ತು. 72 ಇಂಚಾದರೆ 3,750ಕ್ಕೆ ಬೀಳುತ್ತದೆ. ಅದರ ಮುಕ್ಕಾಲು ಭಾಗಕ್ಕಿಂತ ಮೇಲೆ ಹೋಗಬಾರದು ಅನ್ನುವುದು ಅವರ ಕಟ್ಟುನಿಟ್ಟು. ಹಾಗಾದರೆ 72 ಇಂಚಿನದಕ್ಕೆ ಮಿತಿ 2,800. ನನ್ನ ಗಾಡಿಯ ಶಾಫ್ಟು 110ರಲ್ಲಿ 3,060 ಸುತ್ತು ತಿರುಗುತ್ತದೆ. ಉದ್ದ ವೀಲ್‌ಬೇಸಿನ ಗಾಡಿಗಳಲ್ಲಿ ಶಾಫ್ಟನ್ನು ಎರಡು ಮಾಡಿ ನಡುವೆ ಸೆಂಟರ್ ಬೇರಿಂಗ್ ಇಡುವುದು ಇದಕ್ಕೇ. ನನ್ನದು ಗಿಡ್ಡ, ಮೇಲಾಗಿ 76 ಮಿಲಿಮೀಟರ್ ಇನ್ನೂ ಗಿಡ್ಡವಾಗಿತ್ತು. ಗೇರ್‌ಬಾಕ್ಸ್ ಉದ್ದವಾಗಿ ನನಗೆ ಮಾಡಿದ ಒಂದೇ ಉಪಕಾರ.

ಇಲ್ಲಿ ಒಂದು ತಪ್ಪು ತಿಳುವಳಿಕೆ ಓಡಾಡುತ್ತಿದೆ. ಓವರ್‌ಡ್ರೈವ್ ಹಾಕಿದರೆ ಶಾಫ್ಟು ಜೋರಾಗಿ ತಿರುಗುತ್ತದೆ ಅನ್ನುತ್ತಾರೆ. ಅದೇ ವೇಗದಲ್ಲಿ ಹೋದರೆ ಶಾಫ್ಟು ಅಷ್ಟೇ ತಿರುಗುತ್ತದೆ, ಯಾಕೆಂದರೆ ಅದು ಕಟ್ಟುಬಿದ್ದಿರುವುದು ಚಕ್ರಕ್ಕೆ. ಇಳಿಯುವುದು ಎಂಜಿನ್ ಮಾತ್ರ. ಈಗ ನನ್ನ ಶಾಫ್ಟು 3,060, ಎಂಜಿನ್ 2,140. ಓಡಿಸಿದವನಿಗಿಂತ ಓಡಿದವನೇ ಮುಂದೆ. ಶಾಫ್ಟಿನ ವೇಗ ಏರಿಸಿದ್ದು ಗೇರ್‌ಬಾಕ್ಸ್ ಹಾಕಿದ ನಾನಲ್ಲ, 3.73 ಹಾಕಿ ಹೋದ ಆ ಪುಣ್ಯಾತ್ಮ.

ಒಂದು ವಾರದ ನಂತರ ಹೊಸ ಶಾಫ್ಟು ಬಂತು. ಓಲಾಟ ಕೂದಲೆಳೆಯಷ್ಟು. ತೂಗಿಸಿದ ಗುರುತಿಗೆ ಉಗುರಿನಷ್ಟು ಎರಡು ಉಕ್ಕಿನ ಚೂರು ಬೆಸೆದಿದ್ದರು. ಯೋಕುಗಳ ಸಾಲಿಗೆ ಗುರುತಾಗಿ ಉದ್ದಕ್ಕೂ ಬಿಳೀ ಬಣ್ಣದ ಗೆರೆ, ಉಜ್ಜಿದರೂ ಹೋಗದ ಥರದ್ದು. ನನಗೇ ಅಂತ ಹಾಕಿದ್ದರೋ ಏನೋ. ಪಿನಿಯನ್ ಕಡೆಯ ಯು-ಬೋಲ್ಟುಗಳನ್ನು ಜಾಸ್ತಿ ಬಿಗಿಯಬೇಡಿ, ಕಪ್ ನಜ್ಜಿ ಸೂಜಿ ಹಿಡಿದುಕೊಳ್ಳುತ್ತದೆ ಅಂತ ಎರಡು ಸಲ ಹೇಳಿ ಕಳಿಸಿದರು.

ಹಾಕಿ ಓಡಿಸಿದೆ. ಕನ್ನಡಿಯಲ್ಲಿ ಹಿಂದಿನ ಗಾಡಿ ಒಂದೇ ಕಂಡಿತು. 70, 80, 90. ಗೆಳೆಯ ಪಕ್ಕದಲ್ಲಿ ಕೂತು ಮಾಮೂಲಿ ದನಿಯಲ್ಲಿ ಮಾತಾಡುತ್ತಿದ್ದ, ಅದೇ ದೊಡ್ಡ ಬದಲಾವಣೆ. 95 ದಾಟಿದ ಮೇಲೆ ಒಂದು ಸಣ್ಣ ಗುಂಯ್ ಅನ್ನುವ ಸದ್ದು. ನಡುಕ ಅನ್ನುವಷ್ಟಿಲ್ಲ. ಗೆಳೆಯನಿಗೆ ಕೇಳಿಸಲೇ ಇಲ್ಲ. ಫೋನು ಮಾತ್ರ ಸುತ್ತಿಗೆರಡರ ಜಾಗದಲ್ಲಿ ಒಂದು ಗಿಡ್ಡ ಗೋಪುರ ತೋರಿಸಿತು.

ಅಂದರೆ ಕೋನ. ಗಾಡಿ ನೆಲದ ಮೇಲಿದ್ದಾಗಲೇ ಕೆಳಗೆ ನುಸುಳಿ ಅಳೆದೆ. ಗೇರ್‌ಬಾಕ್ಸ್ ಹಿಂದಕ್ಕೆ 3 ಡಿಗ್ರಿ ಇಳಿಜಾರು, ಶಾಫ್ಟು 5, ಪಿನಿಯನ್ ಒಂದೂವರೆ. ಮುಂದಿನ ಕ್ರಾಸಿನಲ್ಲಿ 2 ಡಿಗ್ರಿ ಬಾಗು, ಹಿಂದಿನದರಲ್ಲಿ ಮೂರೂವರೆ. ಎರಡರ ನಡುವೆ ಒಂದು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು, ಯಾವುದೂ ಮೂರು ದಾಟದಿದ್ದರೆ ಒಳ್ಳೆಯದು. ಹಾಗಂತ ಸೊನ್ನೆ ಮಾಡುವುದೂ ತಪ್ಪು. ಅರ್ಧ ಡಿಗ್ರಿಯಾದರೂ ಬಾಗು ಇಲ್ಲದಿದ್ದರೆ ಸೂಜಿಗಳು ಉರುಳುವುದೇ ಇಲ್ಲ, ನಿಂತ ಜಾಗದಲ್ಲೇ ತೋಳನ್ನು ಕೊರೆಯುತ್ತವೆ. ಗೇರ್‌ಬಾಕ್ಸ್ ಮೌಂಟನ್ನು ಹೊರುವ ಅಡ್ಡಪಟ್ಟಿಯನ್ನು (ಕ್ರಾಸ್ ಮೆಂಬರ್) ಹಿಂದಕ್ಕೆ ಸರಿಸಿದಾಗ ಅದು ಹಳೇ ಜಾಗಕ್ಕಿಂತ 12 ಮಿಲಿಮೀಟರ್ ಕೆಳಗೆ ಕೂತಿತ್ತು. ಅಷ್ಟಕ್ಕೇ ಮುಕ್ಕಾಲು ಡಿಗ್ರಿ ಹತ್ತಿರ ಹೋಗಿದೆ. ಅಲ್ಲಿ ಪ್ಯಾಕಿಂಗ್ ಕೊಟ್ಟು ಎತ್ತೋಣವೆಂದರೆ ಗೇರ್‌ಬಾಕ್ಸಿನ ನೆತ್ತಿ ಗಾಡಿಯ ತಳಕ್ಕೆ ತಾಗುತ್ತದೆ.

ಉಳಿದ ದಾರಿ ಹಿಂದಿನ ಲೀಫ್ ಸ್ಪ್ರಿಂಗಿಗೂ ಆಕ್ಸಲ್ಲಿಗೂ ನಡುವೆ ಓರೆ ಪಟ್ಟಿ ಇಟ್ಟು ಪಿನಿಯನ್ನಿನ ಮೂತಿಯನ್ನು ಮೇಲೆತ್ತುವುದು. ಲೆಕ್ಕಕ್ಕೆ ಒಂದೂವರೆ ಡಿಗ್ರಿ ಬೇಕು. ಆದರೆ ಎಳೆತ ಬಿದ್ದಾಗ ಲೀಫ್ ಸ್ಪ್ರಿಂಗ್ ತಾನೇ ಸ್ವಲ್ಪ ತಿರುಚಿಕೊಂಡು ಪಿನಿಯನ್ನನ್ನು ಎತ್ತುತ್ತದೆ. ಆದ್ದರಿಂದ ಒಂದೇ ಡಿಗ್ರಿಯದು ತಂದಿದ್ದೇನೆ. ಎರಡು ಪಟ್ಟಿ, ಬೆಂಚಿನ ಮೇಲಿವೆ. ಈ ಗಾಡಿಯಲ್ಲಿ ಆಕ್ಸಲ್ ಇರುವುದು ಸ್ಪ್ರಿಂಗಿನ ಕೆಳಗೆ, ಹಾಗಾಗಿ ದಪ್ಪ ತುದಿ ಹಿಂದಕ್ಕೆ ಬರಬೇಕು. ಉಲ್ಟಾ ಹಾಕಿದರೆ ಮೂರೂವರೆ ಇದ್ದದ್ದು ನಾಲ್ಕೂವರೆ ಆಗುತ್ತದೆ. ಎರಡೂ ಪಟ್ಟಿಯ ದಪ್ಪ ತುದಿಗೆ ಬಿಳೀ ಬಣ್ಣದಲ್ಲಿ "ಹಿಂದೆ" ಅಂತ ಬರೆದಿಟ್ಟಿದ್ದೇನೆ. ಈ ಸಲ ಸೀಮೆಸುಣ್ಣ ಮುಟ್ಟಲಿಲ್ಲ.